ಗುರ್ ಎನ್ನುವ ನಾಯಿಗೆ ಹೊಡೆಯಬೇಡಿ

(ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯ ಸಭಾಂಗಣದಲ್ಲಿ ನಾಯಿ ಸಾಕಿರುವವರಿಗಾಗಿ ನೀಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲಿಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

“ಬೊಗಳುವ ನಾಯಿ ಕಚ್ಚುವುದಿಲ್ಲ” ಎಂಬ ಗಾದೆಯಿಂದಲೇ ಆರಂಭಿಸುತ್ತೇನೆ. ಬಾಯಿ ಜೋರಿನ ಮನುಷ್ಯರನ್ನು ಕುರಿತು ಹೇಳುವಾಗ ಈ ಮಾತು ಸರಿಯಿರಬಹುದು. ನಾಯಿಯ ವಿಷಯದಲ್ಲಿ ಇದು ಸುಳ್ಳು, ಮತ್ತು ಇದನ್ನು ನಂಬಿ ಕೈ ಮುಂದೆ ಚಾಚಿದವರ ಗಾಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೊಗಳುವ ನಾಯಿಯೂ ಕಚ್ಚುತ್ತದೆ. ಆದರೆ ಬೊಗಳುವ, ಗುರ್ ಎನ್ನುವ ನಾಯಿ ಕಚ್ಚುವ ಮೊದಲು ನಮಗೆ ಹಿಂದೆ ಸರಿಯಲು ಒಂದು ಅವಕಾಶ ಕೊಡುತ್ತದೆ. ಪಶುವೈದ್ಯನಾಗಿ ಕಳೆದ 31 ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ: ನಾಯಿಗೆ ಏನು ಕಲಿಸಬೇಕು ಎಂದು ಯೋಚಿಸುವ ಮೊದಲು, ಅದು ಈಗಾಗಲೇ ಏನು ಹೇಳುತ್ತಿದೆ ಎಂಬುದನ್ನು ಓದಲು ಮನೆಯವರು ಕಲಿಯಬೇಕು.

ಈ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅಡಿಕೆ ತೋಟದ ಮನೆಯೊಂದರಿಂದ ಕೆಂಪ ಎಂಬ ನಾಟಿ ನಾಯಿಯನ್ನು ಲಸಿಕೆಗೆ ಕರೆತಂದಿದ್ದರು. ಎರಡು ವರ್ಷದ, ಒಳ್ಳೆಯ ಮೈಕಟ್ಟಿನ ನಾಯಿ. ಊಟ ಮಾಡುವಾಗ ಯಾರಾದರೂ ತಟ್ಟೆಯ ಹತ್ತಿರ ಸುಳಿದರೆ ಗುರ್ ಎನ್ನುತ್ತದೆ, ಏನು ಮಾಡುವುದು ಎಂದು ಮನೆಯ ಯಜಮಾನರು ಕೇಳಿದರು. ಆಗ ಎಲ್ಲರೂ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ: ದಿನಪತ್ರಿಕೆಯನ್ನು ಸುರುಳಿ ಸುತ್ತಿಟ್ಟುಕೊಳ್ಳಿ, ಗುರ್ ಎಂದ ಕೂಡಲೇ ಮೂತಿಗೆ ಒಂದು ಏಟು ಹಾಕಿ, ಮನೆಯಲ್ಲಿ ಯಾರು ದೊಡ್ಡವರು ಎಂಬುದು ಅದಕ್ಕೆ ಗೊತ್ತಾಗಲಿ. ಅವರು ಹಾಗೆಯೇ ಮಾಡಿದರು. ಮೂರು ವಾರದಲ್ಲಿ ಕೆಂಪನ ಸದ್ದು ಅಡಗಿತು. ಯಜಮಾನರು ಸಂತೋಷದಿಂದ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟು ಹೋದರು.

ದಸರೆಯ ರಜೆಗೆ ಅವರ ಮಗಳು ತವರಿಗೆ ಬಂದಳು, ಜೊತೆಯಲ್ಲಿ ಐದು ವರ್ಷದ ಮಗ. ಆ ಮಗು ಹಿತ್ತಿಲಲ್ಲಿ ಆಡುತ್ತಿದ್ದಾಗ ಚೆಂಡು ಉರುಳಿ ಕೆಂಪನ ತಟ್ಟೆಯ ಪಕ್ಕಕ್ಕೆ ಹೋಯಿತು. ಮಗು ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದಾಗ ಕೆಂಪ ಬೊಗಳಲಿಲ್ಲ, ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ನೇರವಾಗಿ ಕೆನ್ನೆಗೆ ಬಾಯಿ ಹಾಕಿತು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಹನ್ನೊಂದು ಹೊಲಿಗೆ ಬಿದ್ದವು. “ಒಂದು ಮುನ್ಸೂಚನೆಯನ್ನೂ ಕೊಡಲಿಲ್ಲವಲ್ಲ ಡಾಕ್ಟ್ರೇ” ಎಂದು ಯಜಮಾನರು ನನ್ನ ಮುಂದೆ ಕುಳಿತು ಅತ್ತಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೆಂಪ ಮುನ್ಸೂಚನೆ ಕೊಡುತ್ತಲೇ ಇತ್ತು; ಅದನ್ನು ಹೊಡೆದು ಅಡಗಿಸಿ ಎಂದು ಹೇಳಿದವನು ನಾನು. ತನ್ನ ಅನ್ನವನ್ನು ಯಾರಾದರೂ ಕಿತ್ತುಕೊಂಡಾರು ಎಂಬ ಅದರ ಹೆದರಿಕೆಗೆ ನಾವು ಏನನ್ನೂ ಮಾಡಿರಲಿಲ್ಲ. ಹೆದರಿಕೆ ಒಳಗೆ ಇದ್ದಷ್ಟೇ ಇತ್ತು, ಏಟಿನ ಭಯ ಸೇರಿ ಇನ್ನಷ್ಟು ಬೆಳೆದಿತ್ತು, ಅದನ್ನು ಹೊರಗೆ ಹೇಳುವ ದಾರಿ ಮಾತ್ರ ಮುಚ್ಚಿಹೋಗಿತ್ತು.

ಗುರ್ ಎನ್ನುವುದಕ್ಕೂ ಮೊದಲು ನಾಯಿ ಬಹಳಷ್ಟನ್ನು ಮೈಯಿಂದಲೇ ಹೇಳಿರುತ್ತದೆ. ನನ್ನ ತಪಾಸಣಾ ಮೇಜಿನ ಮೇಲೆ ದಿನವೂ ಕಾಣುವುದನ್ನು ವಿವರಿಸುತ್ತೇನೆ. ನಾಯಿಯನ್ನು ಎತ್ತಿ ನಿಲ್ಲಿಸುತ್ತಾರೆ. ನಾನು ಕೈ ಚಾಚುತ್ತೇನೆ. ತಿನ್ನಲು ಏನೂ ಇಲ್ಲದಿದ್ದರೂ ಅದರ ನಾಲಗೆ ಒಮ್ಮೆ ಹೊರಬಂದು ಮೂಗನ್ನು ಸವರಿ ಒಳಹೋಗುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆ. ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಆದರೆ ಕಣ್ಣು ನನ್ನ ಕೈಯ ಮೇಲೆಯೇ ಇರುವುದರಿಂದ ಕಣ್ಣಿನ ಅಂಚಿನಲ್ಲಿ ಬಿಳಿಯ ಭಾಗ ಬಿದಿಗೆ ಚಂದ್ರನಂತೆ ಕಾಣಿಸಿಕೊಳ್ಳುತ್ತದೆ. ಇಷ್ಟಾದರೂ ನಾನು ಕೈ ಹಿಂತೆಗೆಯದಿದ್ದರೆ ಏದುಸಿರು ತಟ್ಟನೆ ನಿಲ್ಲುತ್ತದೆ, ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ, ಮೈ ಕಲ್ಲಿನಂತೆ ಬಿಗಿಯಾಗುತ್ತದೆ. ಬಾಯಿ ಮುಚ್ಚಿ ಬಿಗಿದು ನಿಂತ ನಾಯಿಯನ್ನು “ನೋಡಿ ಎಷ್ಟು ಸಾಧು” ಎಂದು ಮೆಚ್ಚಿಕೊಳ್ಳುವವರಿದ್ದಾರೆ. ಅದು ಸಾಧುತನದ ಲಕ್ಷಣವಲ್ಲ. ಮುಂದಿನ ಮೆಟ್ಟಿಲು ಗುರ್ ಎನ್ನುವುದು, ಅದರ ಮುಂದಿನದು ಮೈಗೆ ತಾಗದಂತೆ ಗಾಳಿಯಲ್ಲೇ ಬಾಯಿ ಹಾಕುವುದು, ಕೊನೆಯದು ಕಚ್ಚುವುದು. ಎಲ್ಲ ನಾಯಿಗಳೂ ಎಲ್ಲ ಮೆಟ್ಟಿಲನ್ನೂ ಏರುವುದಿಲ್ಲ. ಮೊದಲ ಸೂಚನೆಗಳಿಂದ ಪ್ರಯೋಜನವಿಲ್ಲ ಎಂದು ಅನುಭವದಿಂದ ಕಲಿತ ನಾಯಿ ಅವುಗಳನ್ನು ಬಿಟ್ಟು ನೇರವಾಗಿ ಕೊನೆಯದಕ್ಕೆ ಬರುತ್ತದೆ.

ಮಗು ನಾಯಿಯ ಕೊರಳನ್ನು ತಬ್ಬಿಕೊಂಡಿರುವ ಚಿತ್ರಗಳನ್ನು ಪ್ರೀತಿಯಿಂದ ನನಗೆ ಮೊಬೈಲಿನಲ್ಲಿ ತೋರಿಸುವವರು ಅನೇಕರು. ನಾನು ಮೊದಲು ನೋಡುವುದು ನಾಯಿಯ ಕಣ್ಣನ್ನು. ಬಹುಪಾಲು ಚಿತ್ರಗಳಲ್ಲಿ ಆ ಬಿಳಿಯ ಬಿದಿಗೆ ಚಂದ್ರ ಇರುತ್ತದೆ. ತಬ್ಬುವುದು ಮನುಷ್ಯರ ಪ್ರೀತಿಯ ರೀತಿ. ನಾಯಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುವುದರಿಂದ ಅವರಿಗೆ ಗಾಯವಾಗುವುದೂ ಹೆಚ್ಚಾಗಿ ಮುಖ ಮತ್ತು ಕತ್ತಿಗೆ. ಎಷ್ಟೇ ನಂಬಿಕೆಯ ನಾಯಿಯಾಗಿರಲಿ, ಚಿಕ್ಕ ಮಗುವನ್ನೂ ಅದನ್ನೂ ದೊಡ್ಡವರಿಲ್ಲದ ಕೋಣೆಯಲ್ಲಿ ಬಿಡಬೇಡಿ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಬಾಲ ಅಲ್ಲಾಡಿಸಿದರೆ ನಾಯಿಗೆ ಖುಷಿಯಾಗಿದೆ ಎಂದು ಭಾವಿಸುವುದೂ ಪೂರ್ತಿ ಸರಿಯಲ್ಲ. ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಜಮಾನನನ್ನು ಕಂಡಾಗ ಬಾಲದ ಬೀಸು ನಾಯಿಯ ಬಲಕ್ಕೆ ಹೆಚ್ಚು ವಾಲುವುದೂ ಅಪರಿಚಿತ, ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ ವಾಲುವುದೂ ಕಂಡುಬಂತು. ಬರಿಗಣ್ಣಿಗೆ ಈ ಎಡ ಬಲ ಸುಲಭವಾಗಿ ಕಾಣುವುದಿಲ್ಲ. ಆದರೆ ಸೊಂಟದಿಂದಲೇ ಇಡೀ ಮೈ ಬಳುಕಿಸುತ್ತ ಬಾಲ ಬೀಸುವುದಕ್ಕೂ, ಬಾಲವನ್ನು ಕೋಲಿನಂತೆ ಮೇಲೆತ್ತಿ ತುದಿಯನ್ನಷ್ಟೇ ಬಿರುಸಾಗಿ ಅದುರಿಸುವುದಕ್ಕೂ ಇರುವ ವ್ಯತ್ಯಾಸ ಒಂದು ವಾರ ಗಮನಿಸಿದರೆ ಯಾರಿಗಾದರೂ ತಿಳಿಯುತ್ತದೆ. ಎರಡನೆಯದನ್ನು ಕಂಡರೆ ಹತ್ತಿರ ಹೋಗಬೇಡಿ.

ನಾವು ನಾಯಿಯನ್ನು ತಪ್ಪಾಗಿ ಓದುವ ಇನ್ನೊಂದು ಸಂದರ್ಭ ಪ್ರತಿ ಮನೆಯಲ್ಲೂ ನಡೆಯುತ್ತದೆ. ಸಂಜೆ ಮನೆಗೆ ಬರುತ್ತೀರಿ, ಹೊಸ ಚಪ್ಪಲಿ ಚಿಂದಿಯಾಗಿದೆ, ನಾಯಿ ಕಿವಿ ಇಳಿಬಿಟ್ಟು ಬಾಲ ಮುದುರಿ ಮೂಲೆಗೆ ಸರಿಯುತ್ತದೆ. “ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ನೋಡಿ ಹೇಗೆ ಮುಖ ಮಾಡಿಕೊಂಡಿದೆ” ಎನ್ನುತ್ತೀರಿ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಈ ಮುಖಭಾವವನ್ನೇ ಪರೀಕ್ಷೆಗೆ ಒಡ್ಡಿದರು. ತಿನ್ನಬಾರದೆಂದು ಹೇಳಿಟ್ಟ ತಿಂಡಿಯನ್ನು ತಿಂದ ನಾಯಿ, ತಿನ್ನದ ನಾಯಿ ಎರಡರಲ್ಲೂ ಆ ಮುಖಭಾವ ಬರುವುದು ಯಜಮಾನ ಗದರಿದಾಗಲೇ ಎಂಬುದು ಅವರಿಗೆ ಕಂಡುಬಂತು. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತು. ಎಂದರೆ ಅದು ಓದುತ್ತಿರುವುದು ನಿಮ್ಮ ಹುಬ್ಬನ್ನು, ನಿಮ್ಮ ದನಿಯನ್ನು. ಮೂರು ಗಂಟೆಯ ಹಿಂದೆ ಕಡಿದ ಚಪ್ಪಲಿಗೂ ಈಗ ಬೀಳುವ ಏಟಿಗೂ ನಂಟು ಕಲ್ಪಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದು ಕಲಿಯುವುದು ಒಂದೇ: ಸಂಜೆ ಬಾಗಿಲು ತೆರೆದು ಒಳಬರುವ ಈ ಮನುಷ್ಯನನ್ನು ನಂಬುವಂತಿಲ್ಲ. ನಾಲ್ಕರಿಂದ ಆರು ತಿಂಗಳ ಮರಿಯಾದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ, ಒಸಡು ಕೆರೆಯುತ್ತದೆ, ಕಚ್ಚಲು ಏನಾದರೂ ಬೇಕೇ ಬೇಕು. ಗಂಟು ಹಾಕಿ ನೀರಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟ ಹಳೆಯ ದಪ್ಪ ಬಟ್ಟೆಯನ್ನು ಕಣ್ಣೆದುರೇ ಕಚ್ಚಲು ಕೊಡಿ, ಚಪ್ಪಲಿಯನ್ನು ಕಪಾಟಿನಲ್ಲಿಡಿ.

ಹೊಡೆದು “ಯಾರು ದೊಡ್ಡವರು” ಎಂದು ತೋರಿಸಬೇಕೆಂಬ ವಿಚಾರ ಎಲ್ಲಿಂದ ಬಂತು? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಕುರಿತು ಬರೆದರು. ಪರಸ್ಪರ ಸಂಬಂಧವಿಲ್ಲದ ತೋಳಗಳನ್ನು ಇಕ್ಕಟ್ಟಾದ ಆವರಣದಲ್ಲಿ ಒಟ್ಟಿಗೆ ಕೂಡಿಹಾಕಿದಾಗ ಅವು ಸ್ಥಾನಕ್ಕಾಗಿ ಕಾದಾಡಿದವು. ಅಲ್ಲಿಂದ, ಕಾದಾಡಿ ಹಿಂಡಿನ ಮೇಲೆ ಯಜಮಾನಿಕೆ ಪಡೆದ ತೋಳಕ್ಕೆ “ಆಲ್ಫಾ” ಎಂಬ ಮಾತು ಹುಟ್ಟಿ ನಾಯಿ ತರಬೇತುದಾರರ ಬಾಯಿಗೆ ಬಂತು. ಆ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳ ಕಾಲ ಕಾಡುತೋಳಗಳ ಹತ್ತಿರವೇ ಇದ್ದು ನೋಡಿ, ತೋಳದ ಹಿಂಡು ಎಂದರೆ ಅಪ್ಪ, ಅಮ್ಮ ಮತ್ತು ಅವುಗಳ ಮಕ್ಕಳ ಸಂಸಾರ, ಅಲ್ಲಿ ಮುಂದಾಳತ್ವವೆಂದರೆ ಹೆತ್ತವರ ಪಾತ್ರ ಎಂದು 1999ರಲ್ಲಿ ಸ್ಪಷ್ಟವಾಗಿ ಬರೆದರು. ತಮ್ಮ ಹಳೆಯ ಮಾತನ್ನು ತಾವೇ ತಿದ್ದಿಕೊಂಡ ವಿಜ್ಞಾನಿಯ ಬಗ್ಗೆ ನನಗೆ ಬಹಳ ಗೌರವವಿದೆ. ಆದರೂ ನಾಯಿಯನ್ನು ಅಂಗಾತ ಕೆಡವಿ ಕತ್ತು ಒತ್ತಿ ಹಿಡಿಯುವ “ತರಬೇತಿ” ನಮ್ಮ ಊರುಗಳಲ್ಲಿ ಇಂದಿಗೂ ನಡೆಯುತ್ತಿದೆ. ಒಂದೂವರೆ ತಿಂಗಳು ತರಬೇತಿಗೆ ಬಿಟ್ಟಿದ್ದ ಲ್ಯಾಬ್ರಡಾರ್ ಒಂದು ಮನೆಗೆ ಮರಳಿದಾಗ ಅದರ ಕತ್ತಿನ ಸುತ್ತ ಸರಪಳಿ ಉಜ್ಜಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು. “ಕೂತ್ಕೋ” ಎಂದರೆ ಕೂರುತ್ತಿತ್ತು, ಜೊತೆಗೆ ಮೂತ್ರವನ್ನೂ ಬಿಡುತ್ತಿತ್ತು. ಅದು ಮತ್ತೆ ಬಾಲ ಅಲ್ಲಾಡಿಸುತ್ತ ಗೇಟಿಗೆ ಓಡಿಬರಲು ಆ ಮನೆಯವರು ಎಂಟು ತಿಂಗಳು ಕಾದರು.

ಹಾಗಾದರೆ ಕೆಂಪನಂಥ ನಾಯಿಗೆ ಏನು ಮಾಡಬೇಕಿತ್ತು ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಲಿಸುವ ವಿದ್ಯೆಯ ತಿರುಳೆಲ್ಲ ಇದರಲ್ಲಿದೆ. ಮೊದಲಿಗೆ, ಊಟದ ಹೊತ್ತಿನಲ್ಲಿ ಮಕ್ಕಳು, ನೆಂಟರು ಆ ಕಡೆ ಸುಳಿಯದಂತೆ ನಾಯಿಗೆ ಬೇರೆಯೇ ಜಾಗ ಮಾಡಿಕೊಡಿ. ಬಳಿಕ ತಟ್ಟೆಯಿಂದ ಎಷ್ಟು ದೂರ ನಿಂತರೆ ಅದು ನಿರಾಳವಾಗಿ ತಿನ್ನುತ್ತದೆ ಎಂಬುದನ್ನು ಕಂಡುಕೊಳ್ಳಿ. ಹತ್ತು ಹೆಜ್ಜೆಯಾದರೆ ಹತ್ತು ಹೆಜ್ಜೆ. ಅಲ್ಲಿಂದ ಅನ್ನಕ್ಕಿಂತ ರುಚಿಯಾದ ಏನನ್ನಾದರೂ, ಒಂದು ಚೂರು ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ, ತಟ್ಟೆಯ ಬಳಿ ಬೀಳುವಂತೆ ಎಸೆದು ಹಿಂತಿರುಗಿ ನಡೆಯಿರಿ. ನಿಂತು ನೋಡಬೇಡಿ, ಮಾತಾಡಿಸಬೇಡಿ. ಊಟಕ್ಕೆ ಎರಡು ಮೂರು ಸಲ ಹೀಗೆ ಮಾಡಿ. ಕೆಲವು ದಿನಗಳಲ್ಲಿ ನಿಮ್ಮ ಹೆಜ್ಜೆ ಸಪ್ಪಳಕ್ಕೆ ಅದು ತಲೆಯೆತ್ತಿ, ಈಗೇನು ಬರುತ್ತದೆ ಎಂದು ಕಿವಿ ಸಡಿಲಿಸಿ ನೋಡತೊಡಗುತ್ತದೆ. ಆಗ ಒಂದು ಹೆಜ್ಜೆ ಮುಂದೆ ಹೋಗಿ. ಮೈ ಬಿಗಿಯಾಯಿತೆಂದರೆ ನೀವು ಅವಸರ ಮಾಡಿದ್ದೀರಿ, ಎರಡು ಹೆಜ್ಜೆ ಹಿಂದೆ ಬನ್ನಿ. ವಾರಗಳು ಹಿಡಿಯುತ್ತವೆ. ಆದರೆ ಇಲ್ಲಿ ಬದಲಾಗುವುದು ಸದ್ದಲ್ಲ, ಒಳಗಿನ ಹೆದರಿಕೆ; ತಟ್ಟೆಯ ಬಳಿಗೆ ಬರುವ ಮನುಷ್ಯ ಕಿತ್ತುಕೊಳ್ಳುವವನಲ್ಲ, ಕೊಡುವವನು ಎಂಬ ನಂಬಿಕೆ ಅದರಲ್ಲಿ ಬೇರೂರುತ್ತದೆ. ಪರೀಕ್ಷೆ ಮಾಡಲೆಂದು ತಟ್ಟೆಯನ್ನು ಎಳೆದುಕೊಳ್ಳುವ ಚಟ ಬೇಡವೇ ಬೇಡ. ಈಗಾಗಲೇ ಒಮ್ಮೆ ಕಚ್ಚಿದ ನಾಯಿಯಾಗಿದ್ದರೆ ಇದನ್ನು ನೀವಾಗಿಯೇ ಆರಂಭಿಸದೆ ವೈದ್ಯರ ಮಾರ್ಗದರ್ಶನ ಪಡೆಯಿರಿ.

ಬೇರೆ ಪಾಠಗಳಿಗೂ ಇದೇ ದಾರಿ. ನಾಯಿ ಮಾಡಿದ ಒಳ್ಳೆಯ ಕೆಲಸಕ್ಕೆ ಒಂದೆರಡು ಸೆಕೆಂಡಿನೊಳಗೆ ಪ್ರತಿಫಲ ಸಿಗಬೇಕು. ಡಬ್ಬಿ ಹುಡುಕಿ ತರುವಷ್ಟರಲ್ಲಿ ಅದು ಕುಳಿತದ್ದು ಮರೆತು ಎದ್ದಿರುತ್ತದೆ, ನೀವು ಎದ್ದದ್ದಕ್ಕೆ ತಿಂಡಿ ಕೊಟ್ಟಂತಾಗುತ್ತದೆ. ಪಾಠ ಐದು ನಿಮಿಷ ಮೀರದಿರಲಿ. ಕನ್ನಡ ಮಾತಾಡುವ ಮನೆಗಳಲ್ಲೂ ನಾಯಿಯೊಡನೆ ಮಾತ್ರ “ಸಿಟ್, ಕಮ್, ನೋ” ಎನ್ನುವುದನ್ನು ಕೇಳುತ್ತೇನೆ. ಯಾವ ಭಾಷೆಯಾದರೂ ಆಗಬಹುದು, ಆದರೆ ಮನೆಮಂದಿಯೆಲ್ಲ ಒಂದೇ ಪದ ಬಳಸಬೇಕು. ಅಪ್ಪ “ಕಮ್” ಎಂದು, ಅಮ್ಮ “ಬಾರೋ” ಎಂದು, ಅಜ್ಜಿ “ಇಲ್ಬಾ ಮರಿ” ಎಂದು ಕರೆದರೆ ಅದು ಮೂರು ಪದ ಕಲಿಯಬೇಕಾಗುತ್ತದೆ. “ಬಾ” ಎಂಬುದು ಚಿಕ್ಕ, ಬಾಯಿತುಂಬ ಬರುವ, ದೂರಕ್ಕೆ ಕೇಳುವ ಒಳ್ಳೆಯ ಪದ. ಅದನ್ನು ಕಾಪಾಡಿಕೊಳ್ಳಿ. “ಬಾ” ಎಂದು ಕರೆದು ಬಂದ ಮೇಲೆ ಬೈಯುವುದು, ಸ್ನಾನಕ್ಕೆ ಎಳೆಯುವುದು, ಕಟ್ಟಿಹಾಕುವುದು ಮಾಡಿದರೆ ಆ ಪದ ಒಂದೇ ವಾರದಲ್ಲಿ ಸಾಯುತ್ತದೆ. ರಸ್ತೆಯ ಕಡೆ ಓಡುತ್ತಿರುವ ನಾಯಿಯನ್ನು ಉಳಿಸುವ ಪದವೂ ಅದೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮರಿಯ ವಿಷಯ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಲೋಕದತ್ತ ತೆರೆದಿರುತ್ತದೆ. ಆ ಅವಧಿಯಲ್ಲಿ ಕಂಡದ್ದೆಲ್ಲ ಅದಕ್ಕೆ ಸಹಜ. ಕಾಣದೇ ಉಳಿದದ್ದು ಮುಂದೆ ಹೆದರಿಕೆಯ ವಸ್ತು. ಕಂಬಳಿ ಹೊದ್ದವರು, ಹೆಲ್ಮೆಟ್ ಹಾಕಿದವರು, ಊರುಗೋಲು ಹಿಡಿದ ಅಜ್ಜ, ಕುಕ್ಕರಿನ ಸೀಟಿ, ಆಟೊ, ದನ, ಬೆಕ್ಕು, ಗದ್ದಲದ ಮಕ್ಕಳು, ಎಲ್ಲವನ್ನೂ ದೂರದಿಂದ, ಹೆದರಿಸದೆ, ತಿಂಡಿ ಕೊಡುತ್ತ ತೋರಿಸಬೇಕು. ಮರಿ ಎಂಟು ವಾರ ತಾಯಿಯ ಬಳಿಯೇ ಇರಬೇಕು. ಕಚ್ಚುವ ಬಿಗಿ ಎಷ್ಟಿದ್ದರೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಅದು ಒಡಹುಟ್ಟಿದವರಿಂದ ಕಲಿಯುತ್ತದೆ. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರವೂ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೀಗಿದ್ದೂ ನಲವತ್ತು ದಿನದ, ಕಣ್ಣು ಪಿಳಿಪಿಳಿ ಬಿಡುವ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ನನ್ನ ಬಳಿಗೆ ಬರುವವರು ಇಂದಿಗೂ ಇದ್ದಾರೆ.

ಇಲ್ಲಿ ಒಂದು ಇಕ್ಕಟ್ಟಿದೆ. ಲೋಕ ತೋರಿಸಬೇಕಾದ ಈ ಕಾಲವೇ ಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ರೋಗದ ಕಾಲವೂ ಹೌದು. ತಾಯಿಯಿಂದ ಬಂದ ರಕ್ಷಣೆ ಕ್ರಮೇಣ ಕುಗ್ಗುತ್ತಿರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆದ್ದರಿಂದಲೇ ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ, ಹದಿನಾರು ವಾರ ತುಂಬುವವರೆಗೆ ಲಸಿಕೆಯನ್ನು ಪುನಃ ಪುನಃ ಕೊಡುತ್ತೇವೆ. ಒಂದು ಸೂಜಿ ಹಾಕಿಸಿ ಮುಗಿಯಿತೆಂದು ಕುಳಿತವರ ಮರಿಗಳು ರಕ್ತಭೇದಿಯಾಗಿ ಸಾಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ. ಲಸಿಕೆ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಸುತ್ತಾಡಿಸಿ. ಅದರ ಕಣ್ಣು, ಕಿವಿ, ಮೂಗಿಗೆ ಅಷ್ಟು ಸಾಕು.

ಊಟದ ಬಗ್ಗೆ ಕೇಳುವ ಪ್ರಶ್ನೆ ಒಂದೇ: ಮುದ್ದೆ, ಅನ್ನ ಕೊಡಬಹುದೇ? ಕೊಡಬಹುದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿಕೊಟ್ಟಂತೆ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳದಲ್ಲಿ 2 ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ನಮ್ಮ ಅಂಗಳದಲ್ಲಿ ಸಾವಿರಾರು ವರ್ಷ ಉಂಡ ಗುರುತು ಅದರ ಮೈಯಲ್ಲೇ ಉಳಿದಿದೆ. ಆದರೆ ಬರೀ ಮುದ್ದೆ ಹಾಲಿನಲ್ಲಿ ಸಾಕಿದ ನಾಯಿ ಸೊರಗುತ್ತದೆ. ಮೊಟ್ಟೆ, ಮಾಂಸ, ಮೀನಿನಂಥ ಸಾರವತ್ತಾದ ಆಹಾರ ಜೊತೆಗಿರಬೇಕು. ಅಪಾಯ ಇರುವುದು ಅನ್ನದ ಮೇಲೆ ಸುರಿಯುವ ಸಾರಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿಯೇ ಈ ಹಾನಿಗೆ ಸಾಕು. ಹತ್ತು ಕಿಲೋ ನಾಯಿಗೆ ಅದು ಎರಡು ಗೆಡ್ಡೆಯಷ್ಟಾಯಿತು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ಬೇಡ. ಸಕ್ಕರೆರಹಿತ ಮಿಠಾಯಿ, ಚ್ಯೂಯಿಂಗ್ ಗಮ್‌ಗಳಲ್ಲಿರುವ ಜೈಲಿಟಾಲ್ ಅತಿ ಕಡಿಮೆ ಪ್ರಮಾಣದಲ್ಲೂ ಪ್ರಾಣಕ್ಕೆ ತರುತ್ತದೆ. ಬೇಯಿಸಿದ ಕೋಳಿ ಮೂಳೆ ಸೀಳಿ ಸೂಜಿಯಾಗುತ್ತದೆ. ಮತ್ತೆ, ಮೈ ಬಿಸಿಯಿದೆ ಎಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ನುಂಗಿಸಬೇಡಿ. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಿಮ್ಮ ಅಂಗೈಗೆ ಅದು ಯಾವಾಗಲೂ ಬಿಸಿಯೇ.

“ಬಾಗಿಲಲ್ಲಿ ನಾಯಿ ಕಟ್ಟುವುದು ನಮ್ಮ ಪದ್ಧತಿ, ಹಗಲೆಲ್ಲ ಕಟ್ಟಿದರೆ ರಾತ್ರಿ ಚುರುಕಾಗಿರುತ್ತದೆ” ಎಂದು ಒಬ್ಬರು ಹೇಳಿದರು. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿರುವ ನಾಯಿ ಚುರುಕಾಗುವುದಿಲ್ಲ, ರೇಗುತ್ತದೆ; ಹತ್ತಿರ ಬಂದವರಿಂದ ದೂರ ಸರಿಯುವ ದಾರಿ ಇಲ್ಲದ್ದರಿಂದ ಅದಕ್ಕೆ ಉಳಿಯುವುದು ಹಲ್ಲೊಂದೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ ಅಪರಾಧಗಳ ಸಾಲಿನಲ್ಲಿ ಸೇರಿಸಿದ್ದಾರೆ. ಇನ್ನು ನಮ್ಮ ಪದ್ಧತಿಯ ಮಾತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, 10ನೆಯ ಶತಮಾನದ ನಡುಭಾಗದ ವೀರಗಲ್ಲನ್ನು ಸಾಧ್ಯವಾದರೆ ಹೋಗಿ ನೋಡಿ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ, ಏನು ಬೇಕು ಕೇಳು ಎಂದು ಒಡೆಯ ಹೇಳಿದಾಗ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆಯಾಗಬೇಕೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿದೆ. ಅದು ಓಡಿದ ನಾಯಿ, ಮನುಷ್ಯನ ಪಕ್ಕದಲ್ಲಿ ಕೆಲಸ ಮಾಡಿದ ನಾಯಿ. ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ನಡೆದಾಡಿಸಿ, ದಾರಿಯಲ್ಲಿ ಮೂಸಲು ಬಿಡಿ. ಮೂಸುವುದು ಅದರ ಕೆಲಸ. ಬೇಸಿಗೆಯಲ್ಲಿ ಮಾತ್ರ ಮುಂಗೈಯನ್ನು ಟಾರು ರಸ್ತೆಯ ಮೇಲೆ ಏಳು ಸೆಕೆಂಡು ಇಟ್ಟು ನೋಡಿ. ನಿಮ್ಮ ಕೈಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳಲಾಗದು.

ದೀಪಾವಳಿ ಹತ್ತಿರ ಬರುತ್ತಿರುವುದರಿಂದ ಪಟಾಕಿಯ ಬಗ್ಗೆ ಒಂದೆರಡು ಮಾತು. ಹೆದರಿದ ನಾಯಿಯನ್ನು ಸವರಿ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ನಿಮ್ಮ ಮಗ್ಗುಲಿಗೆ ಬಂದರೆ ಇರಗೊಡಿ, ಮಂಚದ ಕೆಳಗೆ ಹೊಕ್ಕರೆ ಹೊರಗೆಳೆಯಬೇಡಿ. ಒಳಕೋಣೆಯ ಕಿಟಕಿ ಮುಚ್ಚಿ, ಕತ್ತಲಾಗುವ ಮೊದಲೇ ಸುತ್ತಾಡಿಸಿ ತನ್ನಿ, ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಇರಲಿ. ಹಬ್ಬಕ್ಕೆ ಇನ್ನೂ ವಾರಗಳಿರುವಾಗಲೇ ಪಟಾಕಿಯ ಧ್ವನಿಮುದ್ರಣವನ್ನು ಅತಿ ಸಣ್ಣಗೆ ಹಾಕಿ, ಊಟದ ಜೊತೆ ಕೇಳಿಸುತ್ತ, ದಿನದಿನಕ್ಕೆ ತುಸುವೇ ಏರಿಸಿದರೆ ಬಹಳ ನಾಯಿಗಳು ಸುಧಾರಿಸುತ್ತವೆ. ತೀರ ನಡುಗುವ ನಾಯಿಗೆ ಔಷಧವಿದೆ, ಮುಂಚೆಯೇ ಬಂದು ಕೇಳಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಕಚ್ಚಿದರೆ, ಅದು ನಿಮ್ಮದೇ ನಾಯಿಯಾಗಿದ್ದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಏಕೆಂದರೆ ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದರಂತೆ ಅನ್ನಿಸುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ರೇಬಿಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಿ. ಮಾಂಸಖಂಡಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಅಲ್ಲಿಂದ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ, ತಕ್ಷಣವೇ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ನಮ್ಮಲ್ಲಿಲ್ಲ. ನಾಯಿಯನ್ನು ಹೊಡೆದು ಕೊಲ್ಲಬೇಡಿ, ಓಡಿಸಬೇಡಿ. 10 ದಿನ ಕಣ್ಣಳತೆಯಲ್ಲಿಟ್ಟು ನೋಡಿ.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು, ತಮ್ಮ ಒಂಬತ್ತು ವರ್ಷದ ನಾಯಿ ಎರಡು ತಿಂಗಳಿಂದ ಮುಖ ಮುಟ್ಟಿದರೆ ಗುರ್ ಎನ್ನುತ್ತಿದೆ, ವಯಸ್ಸಾಗಿ ಬುದ್ಧಿ ಕೆಟ್ಟಿದೆ, ಎಲ್ಲಾದರೂ ಬಿಟ್ಟು ಬನ್ನಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ ಎಂದರು. ಎಂದೂ ಗುರ್ ಎನ್ನದ ನಾಯಿ ಇದ್ದಕ್ಕಿದ್ದಂತೆ ಆರಂಭಿಸಿದರೆ ಮೊದಲು ನೋವನ್ನು ಹುಡುಕಬೇಕು, ಕಿವಿ, ಹಲ್ಲು, ಸೊಂಟ, ಮಂಡಿ ಎಲ್ಲಾದರೂ ಇದ್ದೀತು, ಬೆಳಿಗ್ಗೆ ಕರೆತನ್ನಿ ಎಂದೆ. ಮರುದಿನ ಅವರು ಕರೆತಂದರು. ಕೆನ್ನೆಯ ಬಳಿ ಕೈ ಹೋಗುವ ಮೊದಲೇ ಅದರ ಬಾಯಿ ಮುಚ್ಚಿ ಮೈ ಬಿಗಿಯಾಯಿತು. ಅರಿವಳಿಕೆ ಕೊಟ್ಟು ತುಟಿ ಎತ್ತಿ ನೋಡಿದಾಗ ಎಡಗಡೆಯ ಮೇಲಿನ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು, ಬುಡದಲ್ಲಿ ಕೀವು ತುಂಬಿತ್ತು. ಗಟ್ಟಿ ಮೂಳೆ ಕಡಿಯುವ ನಾಯಿಗಳಲ್ಲಿ ಇದು ಆಗಾಗ ಕಾಣುವಂಥದು. ಹಲ್ಲು ಕಿತ್ತು ಹೊಲಿಗೆ ಹಾಕಿದೆ. ಹತ್ತು ದಿನದ ಬಳಿಕ ಗಾಯ ನೋಡಲೆಂದು ಅದೇ ಮೇಜಿನ ಮೇಲೆ ನಿಲ್ಲಿಸಿ, ಅದೇ ತುಟಿಯನ್ನು ಬೆರಳಿನಿಂದ ಎತ್ತಿದೆ. ಅದು ಬಾಯಿ ತೆರೆದು ಏದುಸಿರು ಬಿಡುತ್ತಲೇ ನಿಂತಿತ್ತು.